10 ಕೆಜಿ ಭಾರಕ್ಕೆ 60 ಕೆಜಿ ತಡೆಯುವ ಹಗ್ಗ ಯಾಕೆ ತುಂಡಾಯಿತು?

ಪ್ರಶ್ನೆ: ಗಣೇಶನ ಪೆಂಡಾಲ್‌ನಲ್ಲಿ 10 ಮೀಟರ್ ಅಂತರದ ಎರಡು ಕಂಬಗಳಿಗೆ ನೈಲಾನ್ ಹಗ್ಗ ಕಟ್ಟಿ, ನಟ್ಟನಡುವೆ 10 ಕೆಜಿಯ ಸ್ಪೀಕರ್ ತೂಗುಹಾಕಿದೆವು. 60 ಕೆಜಿ ತಡೆಯುವ ಹಗ್ಗ ಅಂದಿದ್ದರು. ಜೋಲದಂತೆ ಚೆನ್ನಾಗಿ ಬಿಗಿದಿದ್ದೆವು. ಆದರೂ ತುಂಡಾಯಿತು. ಒಂದೊಂದು ಕಡೆಗೆ ಐದೈದು ಕೆಜಿ ತಾನೇ ಬೀಳೋದು?

ಉತ್ತರ: ಹಗ್ಗ ಕಳಪೆ ಅಂತ ಈಗಲೇ ಅಂಗಡಿಯವರನ್ನು ದೂರಬೇಡಿ. ಅಷ್ಟು ಬಿಗಿದಿದ್ದೇ ಸಾಕು ಅದು ತುಂಡಾಗಲು.

ಹಗ್ಗದ ಎರಡೂ ತುದಿಗಳು ನೆಟ್ಟಗೆ ಮೇಲಕ್ಕೆ ಹೋಗಿದ್ದರೆ ನಿಮ್ಮ ಐದೈದು ಕೆಜಿ ಲೆಕ್ಕ ಸರಿ. ಇಲ್ಲಿ ಅವು ಹೆಚ್ಚುಕಡಿಮೆ ಅಡ್ಡಕ್ಕೆ ಹೋಗಿವೆ. ಬಲಕ್ಕೆ ಅಳತೆಯ ಜೊತೆ ದಿಕ್ಕೂ ಇರುತ್ತದೆ, ಹಾಗಾಗಿ ಸುಮ್ನೆ ಕೂಡಿಸಿದರೆ ಆಗದು. ಎರಡು ಬಲಗಳನ್ನು ಸಮಾಂತರ ಚತುರ್ಭುಜದ ಎರಡು ಬದಿಗಳಾಗಿ ಬರೆದರೆ, ನಡುವಿನ ಕರ್ಣವೇ ಅವುಗಳ ಒಟ್ಟು ಬಲ. ನ್ಯೂಟನ್ 1687ರಲ್ಲಿ ತಮ್ಮ ಚಲನೆಯ ನಿಯಮಗಳ ಬೆನ್ನಿಗೇ ಹೇಳಿದ್ದು ಇದನ್ನೇ. ನಿಮ್ಮ ಹಗ್ಗದ ಎಡಭಾಗ ಎಡಕ್ಕೆ, ಬಲಭಾಗ ಬಲಕ್ಕೆ ಎಳೆಯುತ್ತವೆ. ಆ ಎಳೆತದ ಬಹುಪಾಲು ಒಂದನ್ನೊಂದು ವಜಾ ಮಾಡುತ್ತದೆ. ಸ್ಪೀಕರನ್ನು ಎತ್ತಿಹಿಡಿಯುವುದು ಮೇಲ್ಮುಖವಾಗಿ ಉಳಿದ ಚೂರು ಮಾತ್ರ. ಆ ಚೂರು 10 ಕೆಜಿಗೆ ಸಮ ಆಗಬೇಕಾದರೆ ಹಗ್ಗ ವಿಪರೀತ ಎಳೆಯಲೇಬೇಕು.

ಲೆಕ್ಕ ನೋಡಿ. ನಡುವೆ 1 ಮೀಟರ್ ಜೋಲಲು ಬಿಟ್ಟರೆ ಹಗ್ಗದ ಮೇಲೆ ಸುಮಾರು 25 ಕೆಜಿ ತೂಕದಷ್ಟು ಎಳೆತ. ಅರ್ಧ ಮೀಟರ್ ಜೋಲಿದರೆ 50. ಕಾಲು ಮೀಟರ್‌ಗೆ 100! ಕಂಬಗಳನ್ನು ಒಳಕ್ಕೆ ಎಳೆಯುವ ಬಲವೂ ಹೆಚ್ಚುಕಡಿಮೆ ಅಷ್ಟೇ. ಹಗ್ಗ ಉಳಿದಿದ್ದರೆ ಕಂಬ ವಾಲುತ್ತಿತ್ತೇನೋ. ಒಂಚೂರೂ ಜೋಲದೆ ಭಾರ ಹೊರುವ ಹಗ್ಗ ಲೋಕದಲ್ಲೇ ಇಲ್ಲ. ಕರೆಂಟ್ ತಂತಿಗಳನ್ನು ಬೇಕಂತಲೇ ಜೋಲಲು ಬಿಡುವುದೂ ಇದಕ್ಕೇ. ಚಳಿಗೆ ತಂತಿ ಕುಗ್ಗಿದಾಗ ಎಳೆತ ಇನ್ನೂ ಏರುತ್ತದೆ, ಅದಕ್ಕೂ ಜಾಗ ಬೇಕಲ್ವಾ?

ಇದೇ ಗುಣ ಉಪಕಾರಕ್ಕೂ ಬರುತ್ತದೆ, ನನಗಂತೂ ಇದು ತುಂಬ ಇಷ್ಟ. ಕೆಸರಿನಲ್ಲಿ ಹೂತ ಜೀಪಿಗೂ ಎದುರಿನ ಮರಕ್ಕೂ ಗಟ್ಟಿ ಹಗ್ಗ ಬಿಗಿದು, ನಡುವೆ ಹಿಡಿದು ಪಕ್ಕಕ್ಕೆ ಎಳೆಯಿರಿ. ಹಗ್ಗದ ಎರಡೂ ಭಾಗ 5 ಡಿಗ್ರಿ ಬಾಗಿದ್ದಾಗ ನಿಮ್ಮ 30 ಕೆಜಿ ಎಳೆತ ಜೀಪಿನ ಮೇಲೆ 170 ಕೆಜಿಗೂ ಜಾಸ್ತಿ ಆಗುತ್ತದೆ. ಜೀಪು ಸ್ವಲ್ಪವೇ ಸರಿಯುತ್ತದೆ, ಮತ್ತೆ ಬಿಗಿಯಬೇಕು. ಹಗ್ಗದ ನೇರಕ್ಕೆ ಮಾತ್ರ ಯಾರೂ ನಿಲ್ಲಬಾರದು.

ಮುಂದಿನ ಸಲ ಹಗ್ಗಕ್ಕೆ ಒಂದು ಮೀಟರ್‌ಗಿಂತ ಜಾಸ್ತಿಯೇ ಜೋಲು ಕೊಡಿ. ಗಾಳಿಗೆ ಸ್ಪೀಕರ್ ತೂಗಾಡಿದರೆ ಎಳೆತ ಇನ್ನೂ ಹೆಚ್ಚುತ್ತದೆ, ಆದ್ದರಿಂದ ಹಗ್ಗವೂ ದಪ್ಪ ಇರಲಿ. ಕೆಳಗೆ ಮಕ್ಕಳು ಓಡಾಡುವ ಜಾಗವಾದರೆ ತೂಗುಹಾಕಲೇಬೇಡಿ, ಸ್ಟ್ಯಾಂಡ್ ಮೇಲಿಡಿ.