ದಿನದ ಬಳಕೆಗೆ ಹಗುರ ಲ್ಯಾಪ್‌ಟಾಪ್ ಒಳ್ಳೆಯದಾ, ಪವರ್ ಜಾಸ್ತಿ ಇರೋದಾ?

ಹಗುರದ್ದೇ ತಗೊಳ್ಳಿ. ನೀವು ಬಾದಾಮಿಯಿಂದ ಬಾಗಲಕೋಟೆಗೆ ದಿನಾ ಬಸ್ಸಿನಲ್ಲಿ ಓಡಾಡ್ತೀರಿ, ಕೆಲಸ ವರ್ಡ್, ಎಕ್ಸೆಲ್, ಆನ್‌ಲೈನ್ ಕ್ಲಾಸು ಅಷ್ಟೇ ಅಂದಿದ್ದೀರಿ. ಅದಕ್ಕೆ ಗೇಮಿಂಗ್ ಲ್ಯಾಪ್‌ಟಾಪಿನ ಶಕ್ತಿ ಸುಮ್ನೆ ದಂಡ.

ಮುಖ್ಯ ಕಾರಣ ಬಿಸಿ. ಹಗುರ ಲ್ಯಾಪ್‌ಟಾಪಿನ ಪ್ರೊಸೆಸರ್ (ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್) ಸಾಮಾನ್ಯವಾಗಿ 15ರಿಂದ 28 ವ್ಯಾಟ್‌ಗೆ ತಯಾರಾದದ್ದು. ಗೇಮಿಂಗ್ ಲ್ಯಾಪ್‌ಟಾಪಿನದು 45 ವ್ಯಾಟ್ ಅಥವಾ ಅದಕ್ಕೂ ಜಾಸ್ತಿ, ಮೇಲೆ ಗ್ರಾಫಿಕ್ಸ್ ಚಿಪ್ ಬೇರೆ. ಎಳೆದ ಕರೆಂಟೆಲ್ಲ ಕೊನೆಗೆ ಬಿಸಿಯಾಗುತ್ತದೆ, ಅದನ್ನು ಹೊರಹಾಕಲು ದೊಡ್ಡ ಫ್ಯಾನು, ತಾಮ್ರದ ಕೊಳವೆ, ದಪ್ಪ ಬಾಡಿ ಬೇಕು, ಜೊತೆಗೆ ಇಟ್ಟಿಗೆಯಂಥ ಚಾರ್ಜರ್, ಹಾಗಾಗಿಯೇ ತೂಕ 2 ಕೆಜಿ ದಾಟುತ್ತದೆ, ಬ್ಯಾಟರಿಯೂ ಬೇಗ ಖಾಲಿ. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತೇ ಇದೆ ಅಲ್ವಾ? ಕೋಣೆಯೇ ಕಾದಿದ್ದರೆ ಎಂಥ ಪ್ರೊಸೆಸರ್ ಆದರೂ ಬಿಸಿ ತಡೆಯಲು ತಾನೇ ವೇಗ ಇಳಿಸಿಕೊಳ್ಳಬಹುದು.

ದುಡ್ಡು ಹಾಕೋದಾದರೆ 16 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ) ಮತ್ತು ಎಸ್‌ಎಸ್‌ಡಿಗೆ (ಫೈಲು ಉಳಿಸುವ ವೇಗದ ಡ್ರೈವ್) ಹಾಕಿ, ದಿನದ ಕೆಲಸದಲ್ಲಿ ವೇಗ ಕಾಣೋದು ಅಲ್ಲೇ. ಒಂದು ಮಾತು ದಯವಿಟ್ಟು ಮರೀಬೇಡಿ: ಹಗುರ ಮಾದರಿ ಎಷ್ಟೋದರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಹೆಚ್ಚಿಸೋಕೆ ಆಗಲ್ಲ. ಮುಂದೆ ವಿಡಿಯೊ ಎಡಿಟಿಂಗ್ ಅಥವಾ 3ಡಿ ಡಿಸೈನ್ ಮಾಡೋದು ಖಚಿತವಿದ್ದರೆ ಮಾತ್ರ ಭಾರದ್ದನ್ನು ನೋಡಿ.