ಮಸೂಂತೆಗೆ ಕಾರು ಬೇಕಿಲ್ಲ

ಮೆಕ್ಸಿಕೊದ ವಹಾಕಾ ನಗರದಿಂದ ಕಡಲತೀರದ ಊರಾದ ಮಸೂಂತೆಗೆ ಬಾಡಿಗೆ ಕಾರಿಲ್ಲದೆ ಹೋಗಬಹುದಾ ಅಂತ ಕೇಳಿದ್ದೀರಿ. ಆರಾಮಾಗಿ ಹೋಗಬಹುದು. 2024ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ವ್ಯಾನುಗಳು ಸುಮಾರು 3 ಗಂಟೆಯಲ್ಲಿ ಕರಾವಳಿಯ ಪ್ವೆರ್ತೊ ಎಸ್ಕೊಂದಿದೊ ಪಟ್ಟಣ ಮುಟ್ಟಿಸುತ್ತವೆ. ಅಲ್ಲಿ ಪೊಚುತ್ಲಾ ಪಟ್ಟಣದ ಬಸ್ ಹತ್ತಿ, ಸಾನ್ ಆಂತೋನಿಯೊ ಕ್ರಾಸಿನಲ್ಲಿ ಇಳಿದು ಮಸೂಂತೆಗೆ ಟ್ಯಾಕ್ಸಿ ಹಿಡಿಯಿರಿ. ಬೆಟ್ಟದೂರು ಸಾನ್ ಹೊಸೆ ದೆಲ್ ಪಸೀಫಿಕೊ ಮೂಲಕ ಹೋಗುವ ಹಳೇ ದಾರಿ ಚೆಂದವೇ, ಆದರೆ ಬರೀ ಘಾಟಿ ತಿರುವು. ಹೊಟ್ಟೆ ತೊಳೆಸುವವರಿಗೆ ಬೇಡ.

ಮಸೂಂತೆ ಪುಟ್ಟದು, ನಡಿಗೆ ಸಾಕು. ಸಂಜೆ ಕಡಲಿಗೆ ಚಾಚಿದ ಪುಂತಾ ಕೊಮೆತಾ ತುದಿಗೆ ನಡೆದೇ ಹೋಗಿ, ಟಾರ್ಚ್ ಮರೆಯಬೇಡಿ. ಪಕ್ಕದ ಸಿಪೊಲಿತೆ ಬೀಚಿಗೆ ಹೋಗಲು ಹಿಂಭಾಗದಲ್ಲಿ ಬೆಂಚು ಹಾಕಿದ ಪಿಕಪ್ ಗಾಡಿಗಳಿವೆ, ಕೈ ಅಡ್ಡ ಹಿಡಿದರೆ ನಿಲ್ಲುತ್ತವೆ. ಚಿಲ್ಲರೆ ಪೆಸೊ ಜಾಸ್ತಿ ಇಟ್ಟುಕೊಳ್ಳಿ. ಸಿಪೊಲಿತೆಯಲ್ಲಿ ಕಡಲಿನ ಸೆಳೆತ ಜೋರು, ಸುಮ್ನೆ ಈಜಲು ಇಳಿಯಬೇಡಿ.