ಪ್ರಶ್ನೋತ್ತರ: ಸಮ್ಮೇಳನದಿಂದ ವಾರ್ಡಿಗೆ

ವೈದ್ಯಕೀಯ ಸಮ್ಮೇಳನ, ಸಿಎಂಇ (ವೈದ್ಯರ ನಿರಂತರ ಕಲಿಕೆಯ ಕಾರ್ಯಕ್ರಮ) ಮತ್ತು ಕಾರ್ಯಾಗಾರಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಏಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಸ್ನಾತಕೋತ್ತರ ಎರಡನೇ ವರ್ಷದಲ್ಲಿದ್ದೇನೆ. ಎರಡು ಸಮ್ಮೇಳನಗಳಿಗೆ ಕಳಿಸಿದ ಸಾರಾಂಶ ಎರಡೂ ಕಡೆ ತಿರಸ್ಕೃತವಾಯಿತು. ಅಧ್ಯಯನ ಚೆನ್ನಾಗಿದೆ ಎನ್ನುತ್ತಾರೆ ನನ್ನ ಗೈಡ್. ಎಲ್ಲಿ ತಪ್ಪುತ್ತಿದೆ?

ಉತ್ತರ: ಒಳ್ಳೆಯ ಅಧ್ಯಯನದ ಸಾರಾಂಶ ಬೀಳುವುದು ಹೆಚ್ಚಾಗಿ ಫಲಿತಾಂಶದ ಭಾಗದಲ್ಲಿ. ಪರಿಶೀಲಕರು ಒಂದೇ ಕೂತಿಗೆ ಹತ್ತಾರು ಸಾರಾಂಶ ಓದುತ್ತಾರೆ. ಅವರ ಕಣ್ಣು ಮೊದಲು ಹುಡುಕುವುದು ಅಂಕಿಗಳನ್ನು. ‘ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು’ ಎಂದು ಬರೆದಿದ್ದರೆ ಅಲ್ಲಿಗೇ ಮುಗಿಯಿತು.

250 ಪದಗಳ ಮಿತಿ ಇದ್ದರೆ ಹೀಗೆ ಹಂಚಿಕೊಳ್ಳಿ: ಹಿನ್ನೆಲೆಗೆ 35, ಉದ್ದೇಶಕ್ಕೆ ಒಂದೇ ವಾಕ್ಯ, ವಿಧಾನಕ್ಕೆ 70, ಫಲಿತಾಂಶಕ್ಕೆ ಕನಿಷ್ಠ 90, ಉಳಿದದ್ದು ತೀರ್ಮಾನಕ್ಕೆ. ಹೊಸಬರು ಇದನ್ನು ತಿರುಗುಮುರುಗು ಮಾಡುತ್ತಾರೆ. ಮಧುಮೇಹ ಎಷ್ಟು ದೊಡ್ಡ ಸಮಸ್ಯೆ ಎಂದು ಹೇಳುವುದರಲ್ಲೇ ನೂರು ಪದ ಕರಗಿಹೋಗುತ್ತದೆ. ಓದುವವರಿಗೆ ಅದು ಗೊತ್ತಿರುವ ಸಂಗತಿ.

ಫಲಿತಾಂಶದಲ್ಲಿ ಬರೀ ಶೇಕಡಾ ಸಾಲದು, ಎಷ್ಟರಲ್ಲಿ ಎಷ್ಟು ಎಂಬುದೂ ಬೇಕು. ‘ಶೇ 30 ರೋಗಿಗಳಲ್ಲಿ ಸೋಂಕು’ ಎನ್ನುವ ಬದಲು ‘60 ರೋಗಿಗಳಲ್ಲಿ 18 ಮಂದಿಗೆ’ ಎನ್ನಿ. ಪಿ ಮೌಲ್ಯ (ಕಂಡ ವ್ಯತ್ಯಾಸ ಬರೀ ಆಕಸ್ಮಿಕವಿರಬಹುದೇ ಎಂದು ಅಳೆಯುವ ಅಂಕಿ) ಒಂದನ್ನೇ ಬರೆದು ನಿಲ್ಲಿಸಬೇಡಿ. ವ್ಯತ್ಯಾಸ ಎಷ್ಟು, ಅದರ ಶೇ 95 ವಿಶ್ವಾಸಾಂತರ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ಎಲ್ಲಿಂದ ಎಲ್ಲಿಯವರೆಗೆ ಎಂಬುದೂ ಇರಲಿ. ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚುವ ಯಾದೃಚ್ಛಿಕ ಪ್ರಯೋಗವಾದರೆ, ಏನೇನು ಬರೆಯಬೇಕೆಂದು ಹೇಳುವ, ಸಾರಾಂಶಗಳಿಗಾಗಿಯೇ 2008ರಲ್ಲಿ ಪ್ರಕಟವಾದ ಕನ್‌ಸಾರ್ಟ್ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯಿರಿ.

ಓದುವ ಮೊದಲೇ ತಿರಸ್ಕಾರವಾಗುವ ಕಾರಣಗಳೂ ಇವೆ. ಲೇಖಕರ ಗುರುತು ಮುಚ್ಚಿಟ್ಟು ಪರಿಶೀಲಿಸುವ ಕಡೆ ‘ನಮ್ಮ’ ಆಸ್ಪತ್ರೆಯ ಹೆಸರು ಪಠ್ಯದೊಳಗೆ ನುಸುಳುವುದು, ನೈತಿಕ ಸಮಿತಿಯ ಅನುಮತಿಯ ಉಲ್ಲೇಖ ಇಲ್ಲದಿರುವುದು, ತಪ್ಪು ವಿಭಾಗಕ್ಕೆ ಕಳಿಸುವುದು. ಇನ್ನೊಂದು, ಮಿತಿ ಪದಗಳಲ್ಲೋ ಅಕ್ಷರಗಳಲ್ಲೋ ಎಂದು ನೋಡದೆ ಬರೆಯುವುದು. ಅಕ್ಷರ ಎಣಿಸುವ ಪೋರ್ಟಲ್‌ಗಳಲ್ಲಿ ಖಾಲಿ ಜಾಗವೂ ಲೆಕ್ಕಕ್ಕೆ ಬರಬಹುದು. ಕೊನೆಯ ರಾತ್ರಿ ತಮ್ಮ ತೀರ್ಮಾನ ಅರ್ಧಕ್ಕೇ ಕತ್ತರಿಸಿಹೋದದ್ದನ್ನು ಗಮನಿಸದವರು ಕಡಿಮೆಯೇನಲ್ಲ.

ಪ್ರಶ್ನೆ: ಪೋಸ್ಟರ್ ಮುದ್ರಿಸಿದ ಮೇಲೆ ಎಕ್ಸ್‌ರೇ ಚಿತ್ರಗಳು ಮಸುಕಾಗಿ ಬಂದವು. ಪರದೆಯ ಮೇಲೆ ಸ್ಪಷ್ಟವಾಗಿಯೇ ಇದ್ದವು. ಏಕೆ?

ಉತ್ತರ: ಪರದೆಯ ಮೇಲೆ ಅಂಗೈಯಗಲ ಕಂಡ ಚಿತ್ರವನ್ನು ಪೋಸ್ಟರಿನಲ್ಲಿ ಮೊಳದಗಲ ಹಿಗ್ಗಿಸಿದ್ದೀರಿ. ಪೋಸ್ಟರಿನ ಅಂತಿಮ ಅಳತೆಯಲ್ಲಿ ಇಂಚಿಗೆ 150 ಪಿಕ್ಸೆಲ್ ಸಿಗಬೇಕು. 20 ಸೆಂಟಿಮೀಟರ್ ಅಗಲದ ಚಿತ್ರಕ್ಕೆ ಸುಮಾರು 1,180 ಪಿಕ್ಸೆಲ್ ಬೇಕಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಕುಗ್ಗಿಬಂದಿರುವುದರಿಂದ ಅದನ್ನು ಬಳಸಬೇಡಿ. ರೇಡಿಯಾಲಜಿ ವಿಭಾಗದಿಂದ ಮೂಲ ಫೈಲನ್ನೇ ಕೇಳಿ ಪಡೆಯಿರಿ.

ಪುಟದ ಅಳತೆಯನ್ನು ಕೆಲಸ ಶುರುಮಾಡುವ ಮೊದಲೇ ಹೊಂದಿಸಿ. ಎ0 ಎಂದರೆ 841 × 1189 ಮಿಲಿಮೀಟರ್. ತಂತ್ರಾಂಶ ಅಷ್ಟು ದೊಡ್ಡ ಪುಟ ಒಪ್ಪದಿದ್ದರೆ ಅರ್ಧ ಅಳತೆಯಲ್ಲಿ ಮಾಡಿ, ಪಿಡಿಎಫ್ ಕೊಡುವಾಗ ಶೇ 200ಕ್ಕೆ ಮುದ್ರಿಸಲು ಹೇಳಿ. ಬೋರ್ಡು ಉದ್ದುದ್ದವೋ ಅಡ್ಡಡ್ಡವೋ ಎಂಬುದನ್ನು ಆಯೋಜಕರ ಸೂಚನೆಯಲ್ಲಿ ಓದಿ ಖಚಿತಪಡಿಸಿಕೊಳ್ಳಿ. ಶೀರ್ಷಿಕೆ 85 ಪಾಯಿಂಟಿಗಿಂತ ಚಿಕ್ಕದಾಗಬಾರದು, ಒಳಪಠ್ಯ 28ಕ್ಕಿಂತ ಕೆಳಗಿಳಿಯಬಾರದು. 400 ಪದ ಮೀರಿದರೆ ನಿಂತು ಓದುವವರು ಸಿಗುವುದಿಲ್ಲ.

ನೀವು ಕೇಳದ ಒಂದು ಮಾತು, ಆದರೆ ಮಸುಕಿಗಿಂತ ಗಂಭೀರವಾದದ್ದು. ಎಕ್ಸ್‌ರೇ ಅಂಚಿನಲ್ಲಿ ರೋಗಿಯ ಹೆಸರು, ನೋಂದಣಿ ಸಂಖ್ಯೆ, ದಿನಾಂಕ ಅಚ್ಚಾಗಿರುತ್ತವೆ. ಸ್ಲೈಡಿನೊಳಗೆ ಚಿತ್ರವನ್ನು ಕ್ರಾಪ್ ಮಾಡಿದರೆ ಆ ಭಾಗ ಕಣ್ಣಿಗೆ ಮರೆಯಾಗುತ್ತದಷ್ಟೆ, ಫೈಲಿನಿಂದ ಹೋಗುವುದಿಲ್ಲ. ಆ ಫೈಲು ಸಿಕ್ಕ ಯಾರೇ ಆಗಲಿ ಕ್ರಾಪ್ ತೆಗೆದು ಹೆಸರು ಓದಬಹುದು. ಕಪ್ಪು ಚೌಕ ಮುಚ್ಚಿದರೂ ಅದೇ ಕಥೆ. ಚಿತ್ರವನ್ನು ಬೇರೆ ತಂತ್ರಾಂಶದಲ್ಲಿ ಕತ್ತರಿಸಿ, ಹೊಸ ಹೆಸರಿನಲ್ಲಿ ಉಳಿಸಿ, ಆಮೇಲೆ ಅಂಟಿಸಿ. ಮುಖದ ಫೋಟೊ ಇದ್ದರೆ ಕಣ್ಣಿಗೆ ಪಟ್ಟಿ ಹಾಕಿದ ಮಾತ್ರಕ್ಕೆ ಗುರುತು ಮುಚ್ಚುವುದಿಲ್ಲ. ರೋಗಿಯಿಂದ ಲಿಖಿತ ಒಪ್ಪಿಗೆ ಬೇಕು. ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇದಕ್ಕೆ ಸಲ್ಲುವುದಿಲ್ಲ.

ಪ್ರಶ್ನೆ: ವರ್ಷಕ್ಕೆ ಎರಡು ಮೂರು ಸಮ್ಮೇಳನಗಳಿಗೆ ಹೋಗುತ್ತೇನೆ. ಕೇಳುವಾಗ ಎಲ್ಲ ಅರ್ಥವಾದ ಹಾಗಿರುತ್ತದೆ. ತಿಂಗಳು ಕಳೆದರೆ ಏನೂ ನೆನಪಿರುವುದಿಲ್ಲ, ನನ್ನ ಚಿಕಿತ್ಸಾ ಕ್ರಮವೂ ಹಾಗೇ ಉಳಿದಿರುತ್ತದೆ. ಇದು ನನ್ನೊಬ್ಬನ ತೊಂದರೆಯೇ?

ಉತ್ತರ: ಅಲ್ಲ. ಇಂಥ ಸಭೆ, ಕಾರ್ಯಾಗಾರಗಳ ಪರಿಣಾಮವನ್ನು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ 2021ರಲ್ಲಿ 215 ಅಧ್ಯಯನಗಳ ಮೂಲಕ ತೂಗಿ ನೋಡಿತು. ಶಿಫಾರಸಾದ ಕ್ರಮವನ್ನು ಪಾಲಿಸುವುದರಲ್ಲಿ ಕಂಡ ಸುಧಾರಣೆ, ಮಧ್ಯಾಂಕದ ಲೆಕ್ಕದಲ್ಲಿ, 7 ಶೇಕಡಾ ಅಂಶಗಳಿಗಿಂತ ತುಸು ಕಡಿಮೆ. ತೀರಾ ಏನೂ ಇಲ್ಲವೆನ್ನುವಂತಿಲ್ಲ, ಬೀಗುವಷ್ಟೂ ಇಲ್ಲ.

ಕೇಳುವಾಗ ‘ಅರ್ಥವಾಯಿತು’ ಎನಿಸುವುದನ್ನು ನಂಬಲೇಬೇಡಿ. 1973ರಲ್ಲಿ ಪ್ರಕಟವಾದ ‘ಡಾಕ್ಟರ್ ಫಾಕ್ಸ್’ ಪ್ರಯೋಗದಲ್ಲಿ ಒಬ್ಬ ನಟನನ್ನು ದೊಡ್ಡ ತಜ್ಞನೆಂದು ಪರಿಚಯಿಸಿ, ಒಂದಕ್ಕೊಂದು ತಾಳೆಯಾಗದ ಪೊಳ್ಳು ಉಪನ್ಯಾಸ ಕೊಡಿಸಿದರು. ಕೇಳುತ್ತಿದ್ದವರಲ್ಲಿ ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಇದ್ದರು. ಬಹುತೇಕರು ಮೆಚ್ಚಿ ಅಂಕ ಹಾಕಿದರು. ಸಮ್ಮೇಳನ ಮುಗಿದಾಗ ಕೈಗಿಡುವ ಅಭಿಪ್ರಾಯ ಪತ್ರಿಕೆಗಳಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಅಂದೇ ಕಂಡುಕೊಂಡಂತಾಯಿತು.

ಹೋಗುವ ವಾರದಲ್ಲಿ ನಿಮ್ಮದೇ ರೋಗಿಗಳಿಂದ ಹುಟ್ಟಿದ ಮೂರು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ‘ಹೃದಯ ವೈಫಲ್ಯದಲ್ಲಿ ಹೊಸದೇನು’ ಎಂಬುದು ಪ್ರಶ್ನೆಯಲ್ಲ. ‘ಮೂತ್ರಪಿಂಡ ಕುಗ್ಗಿದವರಲ್ಲಿ ಈ ಔಷಧವನ್ನು ಯಾವ ಹಂತದಲ್ಲಿ ನಿಲ್ಲಿಸಬೇಕು’ ಎಂಬುದು ಪ್ರಶ್ನೆ. ಏಕಕಾಲಕ್ಕೆ ನಾಲ್ಕು ಸಭಾಂಗಣಗಳಲ್ಲಿ ಗೋಷ್ಠಿ ನಡೆಯುವಾಗ ಯಾವ ಬಾಗಿಲು ತೆಗೆಯಬೇಕೆಂಬುದನ್ನು ಈ ಮೂರೇ ನಿರ್ಧರಿಸಲಿ. ಹೆಸರಾಂತ ಭಾಷಣಕಾರರ ಉಪನ್ಯಾಸದ ವಿಡಿಯೊ ಆಮೇಲೂ ಸಿಗಬಹುದು, ಅನುಮಾನ ಕೇಳಲು ಸಿಗುವ ಐದು ನಿಮಿಷ ಮತ್ತೆ ಸಿಗದು.

ಸ್ಲೈಡುಗಳ ಫೋಟೊ ಹೊಡೆಯುವ ಚಟ ಬಿಡಿ. ನೂರಿಪ್ಪತ್ತು ಫೋಟೊ ಫೋನಿನಲ್ಲಿ ಕೂತಿರುತ್ತವೆ, ತೆರೆದು ನೋಡುವುದು ಅಪರೂಪ. ಅದರ ಬದಲು ಸಂಜೆ ಹತ್ತು ನಿಮಿಷ ಟಿಪ್ಪಣಿ ಮುಚ್ಚಿಟ್ಟು, ಆ ದಿನ ಕೇಳಿದ್ದರಲ್ಲಿ ನೆನಪಿರುವುದನ್ನು ಬರೆಯಿರಿ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವುದು ಹೆಚ್ಚು ಕಾಲ ನಿಲ್ಲುತ್ತದೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಐದು ನಿಮಿಷದ ನಂತರ ಮರುಓದಿದವರೇ ಮುಂದಿದ್ದರು: ಅವರಿಗೆ ಶೇ 81 ನೆನಪಿತ್ತು, ನೆನಪಿನಿಂದ ಬರೆದವರಿಗೆ ಶೇ 75. ವಾರದ ಬಳಿಕ ಲೆಕ್ಕ ತಿರುವುಮುರುವಾಯಿತು: ನೆನಪಿನಿಂದ ಬರೆದವರು ಶೇ 56, ಮರುಓದಿದವರು ಶೇ 42.

ನೆನಪು ಉಳಿದ ಮಾತ್ರಕ್ಕೆ ಚಿಕಿತ್ಸೆ ಬದಲಾಗುವುದಿಲ್ಲ. ಅದಕ್ಕೆ ಅಳತೆ ಬೇಕು. ಒಂದು ಸಮ್ಮೇಳನಕ್ಕೆ ಒಂದೇ ಬದಲಾವಣೆ ಆರಿಸಿಕೊಳ್ಳಿ, ಎರಡಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಪ್ರತಿಜೀವಕದ ಸಮಯವನ್ನು ಆರಿಸಿದಿರಿ ಎನ್ನೋಣ. ಸೆಫಜೋಲಿನ್ ಆದರೆ ಛೇದನಕ್ಕೆ ಮುಂಚಿನ 60 ನಿಮಿಷದೊಳಗೆ ಕೊಡುವುದು ವಾಡಿಕೆ. ಹಿಂದಿನ 20 ಶಸ್ತ್ರಚಿಕಿತ್ಸೆಗಳ ಕೇಸ್ ಶೀಟುಗಳನ್ನು ಸಾಲಾಗಿ ತೆಗೆಯಿರಿ, ಬೇಕಾದವನ್ನು ಆರಿಸಬೇಡಿ. ಪ್ರತಿಯೊಂದರಲ್ಲೂ ಔಷಧ ಕೊಟ್ಟ ಗಂಟೆ, ಛೇದನದ ಗಂಟೆ, ಅಂತರ, ಈ ಮೂರನ್ನು ಗುರುತು ಹಾಕಿ. ಸಾಮಾನ್ಯವಾಗಿ ಕಾಣಸಿಗುವ ತೊಡಕು ಇದು: ಔಷಧವನ್ನು ವಾರ್ಡಿನಲ್ಲೇ ಕೊಟ್ಟಿರುತ್ತಾರೆ, ಹಿಂದಿನ ಕೇಸು ಎಳೆದಿರುತ್ತದೆ, ರೋಗಿ ಮೇಜಿನ ಮೇಲೆ ಬರುವಷ್ಟರಲ್ಲಿ ಎರಡು ಗಂಟೆ ದಾಟಿರುತ್ತದೆ. ಇಲ್ಲಿ ಉಪನ್ಯಾಸದಿಂದ ಪ್ರಯೋಜನವಿಲ್ಲ. ಔಷಧ ಕೊಡುವ ಜಾಗವನ್ನು ವಾರ್ಡಿನಿಂದ ಆಪರೇಷನ್ ಥಿಯೇಟರಿಗೆ ಬದಲಿಸಿ, ಸಮಯ ಬರೆಯುವ ಹೊಣೆಯನ್ನು ಒಬ್ಬರಿಗೇ ವಹಿಸಬೇಕು. ಮೂರು ತಿಂಗಳ ನಂತರ ಮುಂದಿನ 20 ಕೇಸ್ ಶೀಟು ತೆಗೆದು ಅದೇ ಅಳತೆ ಮಾಡಿ. ಇಪ್ಪತ್ತು ಕಡಿಮೆ ಸಂಖ್ಯೆಯೇ ಸರಿ, ಆದರೆ ಸರಿಯಾದ ಸಮಯಕ್ಕೆ ಔಷಧ ಕೊಟ್ಟದ್ದು 20ರಲ್ಲಿ 8 ಇದ್ದದ್ದು 17 ಆದರೆ ಕಣ್ಣಿಗೆ ಕಾಣುತ್ತದೆ. 15 ಇದ್ದದ್ದು 16 ಆದರೆ ಸಂಭ್ರಮಿಸಬೇಡಿ.

ಪ್ರಶ್ನೆ: ಗೋಷ್ಠಿಯೊಂದರಲ್ಲಿ ಹೊಸ ಔಷಧ ಪಾರ್ಶ್ವವಾಯುವನ್ನು ಶೇ 40ರಷ್ಟು ತಗ್ಗಿಸುತ್ತದೆ ಎಂದರು. ಮರುದಿನದಿಂದಲೇ ಬರೆದುಕೊಡಬಹುದೇ?

ಉತ್ತರ: ‘ಎಷ್ಟರಲ್ಲಿ ಶೇ 40?’ ಎಂದು ಕೇಳದೆ ಬರೆಯಬೇಡಿ. ಔಷಧ ಇಲ್ಲದೆ 1,000 ಜನರಲ್ಲಿ 20 ಮಂದಿಗೆ, ಔಷಧದಿಂದ 12 ಮಂದಿಗೆ ಪಾರ್ಶ್ವವಾಯು ಆಯಿತೆನ್ನಿ. ಸಾಪೇಕ್ಷವಾಗಿ ಶೇ 40 ಇಳಿಕೆ, ನಿಜ. ನಿರಪೇಕ್ಷ ಇಳಿಕೆ ಶೇ 0.8 ಮಾತ್ರ. ಒಬ್ಬರನ್ನು ಉಳಿಸಲು 125 ಮಂದಿಗೆ ಚಿಕಿತ್ಸೆ ಕೊಡಬೇಕು, ಉಳಿದ 124 ಮಂದಿ ಅಡ್ಡಪರಿಣಾಮದ ಅಪಾಯವನ್ನಷ್ಟೇ ಹೊರುತ್ತಾರೆ. ಅದೇ ಶೇ 40, ಅಪಾಯ ಹೆಚ್ಚಿರುವ ಗುಂಪಿನಲ್ಲಿ 1,000ಕ್ಕೆ 200 ಇದ್ದದ್ದು 120 ಆದರೆ, 13 ಮಂದಿಗೆ ಒಬ್ಬರು. ನಿಮ್ಮ ಹೊರರೋಗಿ ವಿಭಾಗಕ್ಕೆ ಬರುವವರು ಯಾವ ಗುಂಪಿಗೆ ಹತ್ತಿರ ಎಂಬುದರ ಮೇಲೆ ನಿರ್ಧಾರ ನಿಲ್ಲುತ್ತದೆ.

ಇನ್ನೂ ಕೆಲವನ್ನು ನೋಡಿ. ಎಷ್ಟು ಕಾಲದ ಅನುಸರಣೆ? ಹೋಲಿಸಿದ್ದು ಯಾವುದಕ್ಕೆ, ಮತ್ತು ಆ ಹಳೆಯ ಔಷಧವನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟಿದ್ದರೇ? ‘ಸಾವು, ಹೃದಯಾಘಾತ ಅಥವಾ ಆಸ್ಪತ್ರೆ ದಾಖಲಾತಿ’ ಎಂದು ಮೂರನ್ನು ಒಟ್ಟು ಕಟ್ಟಿದ್ದರೆ ಕಟ್ಟು ಬಿಚ್ಚಿ. ಸಾವಿನಲ್ಲಿ ವ್ಯತ್ಯಾಸವೇ ಇಲ್ಲದೆ, ಇಳಿಕೆಯೆಲ್ಲ ದಾಖಲಾತಿಯದೇ ಆಗಿರುವುದುಂಟು. ಗ್ರಾಫಿನ ಲಂಬ ಅಕ್ಷ ಸೊನ್ನೆಯಿಂದ ಶುರುವಾಗಿದೆಯೇ ಎಂದೂ ನೋಡಿ. ಭಾಷಣಕಾರರ ಹಿತಾಸಕ್ತಿ ಘೋಷಣೆಯ ಸ್ಲೈಡು ಎರಡು ಸೆಕೆಂಡಿನಲ್ಲಿ ಹಾರಿಹೋದರೆ ಪ್ರಶ್ನೆಯ ಹೊತ್ತಿನಲ್ಲಿ ಅದನ್ನು ವಾಪಸ್ ಹಾಕಿಸಲು ಸಂಕೋಚ ಬೇಡ.

ಪೂರ್ಣ ಲೇಖನ ಬಂದಿಲ್ಲವೆಂದರೆ ಕಾಯಿರಿ. ಸಮ್ಮೇಳನಗಳಲ್ಲಿ ಮಂಡಿಸಿದ ಸಾರಾಂಶಗಳಲ್ಲಿ ಮುಂದೆ ಪೂರ್ಣವಾಗಿ ಪ್ರಕಟವಾದವು ಶೇ 37ರಷ್ಟು ಮಾತ್ರ ಎಂದು 2018ರ ಕಾಕ್ರೇನ್ ಸಮೀಕ್ಷೆ ಲೆಕ್ಕ ಹಾಕಿದೆ. ಒಳ್ಳೆಯ ಫಲಿತಾಂಶ ಕಂಡವೇ ಅಚ್ಚಾಗುವುದು ಹೆಚ್ಚು.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಜೀವ ಉಳಿಸುವ ಕ್ರಮ) ಕಾರ್ಯಾಗಾರದ ಪ್ರಮಾಣಪತ್ರ ಎರಡು ವರ್ಷ ನಡೆಯುತ್ತದೆ. ಆದರೆ ಆರು ತಿಂಗಳಿಗೇ ಕೈ ತಪ್ಪುತ್ತದೆ.

ಉತ್ತರ: ಕಾಗದದ ಅವಧಿ ಬೇರೆ, ಕೈಯ ಅವಧಿ ಬೇರೆ. ಈ ಕೌಶಲ ತರಬೇತಿಯಾದ ಕೆಲವೇ ತಿಂಗಳಲ್ಲಿ ಕುಂದತೊಡಗುತ್ತದೆ ಎಂಬುದು ಪದೇ ಪದೇ ಕಂಡದ್ದು. ಹೋಗುವ ಮೊದಲು ಒಂದು ಲೆಕ್ಕ ಹಾಕಿ: 30 ಮಂದಿ, ಎದೆ ಒತ್ತಿ ಕಲಿಯುವ 2 ಗೊಂಬೆ, ಒಂದು ಗಂಟೆಯ ಅಭ್ಯಾಸ. ತಲಾ ಸಿಗುವುದು 4 ನಿಮಿಷ. ಉಳಿದ 56 ನಿಮಿಷ ನೋಡುತ್ತಾ ನಿಂತಿರುತ್ತೀರಿ. ಗೊಂಬೆ ಎಷ್ಟಿವೆ ಎಂದು ಆಯೋಜಕರನ್ನು ಮುಂಚೆಯೇ ಕೇಳಿ. ಒಂದಕ್ಕೆ ಆರಕ್ಕಿಂತ ಹೆಚ್ಚು ಜನ ಎಂದರೆ ಬೇರೆ ಕಾರ್ಯಾಗಾರ ನೋಡಿ.

ಆಮೇಲೆ ವಾರ್ಡಿನಲ್ಲಿ ಗೊಂಬೆಯೊಂದನ್ನು ಇಡಿಸಿಕೊಂಡು ತಿಂಗಳಿಗೊಮ್ಮೆ ತಲಾ ಎರಡು ನಿಮಿಷ ಒತ್ತಿ. ವಯಸ್ಕರಿಗೆ ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್, ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಬೇಕು. ಮೊದಲು ಕೆಡುವುದು ಆಳ, ಕೆಟ್ಟದ್ದು ಒತ್ತುವವರಿಗೆ ತಿಳಿಯುವುದಿಲ್ಲ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಗೊಂಬೆಯನ್ನು ನೆಲದ ಮೇಲೆ ಮಾತ್ರ ಇಡಬೇಡಿ, ಮಂಚದ ಮೇಲೂ ಇಟ್ಟು ಒತ್ತಿ. ಹಾಸಿಗೆ ತಗ್ಗುವುದರಿಂದ ಆಳ ಸಿಕ್ಕಿತೆಂಬ ಭ್ರಮೆ ಹುಟ್ಟುವುದು ಅಲ್ಲೇ.

ಪ್ರಶ್ನೆ: ಎರಡು ದಿನದ ಸಮ್ಮೇಳನಕ್ಕೆ ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಕ್ರೆಡಿಟ್ ಅಂಕ ಬಂತು. ಲೆಕ್ಕ ಹೇಗೆ?

ಉತ್ತರ: ಬಹಳ ಕಡೆ ಒಂದು ಗಂಟೆಯ ಕಲಿಕೆಗೆ ಒಂದು ಅಂಕ. ಉದ್ಘಾಟನೆ, ಸನ್ಮಾನ, ವಿರಾಮ, ಊಟ, ಮಳಿಗೆ ಸುತ್ತಾಟ ಇದರಲ್ಲಿ ಸೇರುವುದಿಲ್ಲ. ಅವನ್ನು ಕಳೆದರೆ ಎಂಟು ಗಂಟೆಯ ದಿನ ಐದೂವರೆಗೆ ಇಳಿಯುವುದುಂಟು. ಮಾನ್ಯತೆಯನ್ನು ಆಯೋಜಕರು ಕಾರ್ಯಕ್ರಮಕ್ಕೆ ಮುಂಚೆ ಪಡೆದಿರಬೇಕು, ‘ಆಮೇಲೆ ಕೊಡಿಸುತ್ತೇವೆ’ ಎಂಬ ಮಾತಿಗೆ ದುಡ್ಡು ಕಟ್ಟಬೇಡಿ. ಪ್ರಮಾಣಪತ್ರದಲ್ಲಿ ಮಾನ್ಯತಾ ಸಂಖ್ಯೆ, ದಿನಾಂಕ, ಗಂಟೆಗಳು, ನೋಂದಣಿಯಲ್ಲಿರುವಂತೆಯೇ ನಿಮ್ಮ ಹೆಸರು ಇವೆಯೇ ಎಂದು ಅಲ್ಲೇ ನೋಡಿಕೊಳ್ಳಿ.

ಪ್ರಶ್ನೆ: ‘ನಿಮ್ಮ ಅಮೂಲ್ಯ ಸಂಶೋಧನೆಯ ಬಗ್ಗೆ ಮಾತಾಡಲು ಬನ್ನಿ’ ಎಂದು ವಿದೇಶಿ ಸಮ್ಮೇಳನವೊಂದರಿಂದ ಇಮೇಲ್ ಬಂದಿದೆ. ಸಾರಾಂಶ ಕಳಿಸಿದ ಮರುದಿನವೇ ಆಯ್ಕೆಯಾಯಿತು. ಈಗ ಶುಲ್ಕ ಕೇಳುತ್ತಿದ್ದಾರೆ.

ಉತ್ತರ: ಒಂದೇ ದಿನದಲ್ಲಿ ಪರಿಶೀಲನೆ ಮುಗಿಯಿತೆಂದರೆ ಪರಿಶೀಲನೆ ನಡೆದೇ ಇಲ್ಲ. ಶುಲ್ಕ ಕಟ್ಟುವ ಮೊದಲು ಸಂಘಟನಾ ಸಮಿತಿಯಲ್ಲಿ ಹೆಸರಿರುವ ಇಬ್ಬರಿಗೆ, ಅವರವರ ವಿಶ್ವವಿದ್ಯಾಲಯದ ಪುಟದಲ್ಲಿರುವ ವಿಳಾಸಕ್ಕೆ ಬರೆದು ಕೇಳಿ. ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲ ಎಂಬ ಉತ್ತರ ಬಂದರೆ ಅಚ್ಚರಿಪಡಬೇಡಿ. ಅದೇ ಸಂಸ್ಥೆ ಅದೇ ದಿನ, ಅದೇ ಹೋಟೆಲಿನಲ್ಲಿ ದಂತವೈದ್ಯಕೀಯ, ನ್ಯಾನೊ ತಂತ್ರಜ್ಞಾನ, ಪಶುವೈದ್ಯ ಸಮ್ಮೇಳನಗಳನ್ನೂ ಇಟ್ಟುಕೊಂಡಿದೆಯೇ ನೋಡಿ. ಕಳೆದ ವರ್ಷದ ಕಾರ್ಯಕ್ರಮ ಪಟ್ಟಿಯನ್ನು ಗಂಟೆ, ಭಾಷಣಕಾರರ ಹೆಸರುಗಳ ಸಮೇತ ಕೇಳಿ.

ಅನುಮಾನ ನಿಜವಾದರೆ ಸುಮ್ಮನಿದ್ದುಬಿಡಬೇಡಿ. ಸಾರಾಂಶವನ್ನು ಹಿಂತೆಗೆದುಕೊಂಡಿದ್ದೇನೆ, ಪ್ರಕಟಿಸಲು ಒಪ್ಪಿಗೆಯಿಲ್ಲ ಎಂದು ಇಮೇಲಿನಲ್ಲೇ ಬರೆದು ಪ್ರತಿ ಇಟ್ಟುಕೊಳ್ಳಿ. ಅವರು ನಿಮ್ಮನ್ನು ಕೇಳದೆ ಅದನ್ನು ತಮ್ಮ ಪತ್ರಿಕೆಯಲ್ಲಿ ಹಾಕಿಕೊಂಡರೆ, ಮುಂದೆ ಒಳ್ಳೆಯ ಪತ್ರಿಕೆಗೆ ಲೇಖನ ಕಳಿಸುವಾಗ ಸಂಪಾದಕರಿಗೆ ತೋರಿಸಲು ಆ ಪ್ರತಿ ಬೇಕಾಗುತ್ತದೆ. ಕಾರ್ಡಿನಲ್ಲಿ ಈಗಾಗಲೇ ದುಡ್ಡು ಕಟ್ಟಿದ್ದರೆ ತಡಮಾಡದೆ ಬ್ಯಾಂಕಿಗೆ ತಕರಾರು ಸಲ್ಲಿಸಿ, ಅದಕ್ಕೆ ದಿನಗಳ ಗಡುವಿರುತ್ತದೆ.